ಮೂವತ್ತು ದಾಟಿದ ಕೈಗಳು

ಗುಬ್ಬಿಗೆ ಹತ್ತೊಂಬತ್ತು ವರ್ಷ. ಹಾಗೆಂದರೆ ನಂಬುವವರು ಯಾರೂ ಇರಲಿಲ್ಲ. ಬಸ್ಸಿನಲ್ಲಿ ಅವಳಿಗಿಂತ ಐದಾರು ವರ್ಷ ದೊಡ್ಡವರಾದ ಗಂಡಸರೂ "ಅಕ್ಕಾ, ಸ್ವಲ್ಪ ಸರೀರಿ" ಎನ್ನುತ್ತಿದ್ದರು. ಔಷಧಿ ಅಂಗಡಿಯವನು "ಮಾತ್ರೆ ನಿಮಗೋ, ಮಕ್ಕಳಿಗೋ?" ಎಂದು ಕೇಳುತ್ತಿದ್ದ. ಮೊದಮೊದಲು ಅವಳು "ಇನ್ನೂ ಮದುವೇನೇ ಆಗಿಲ್ಲ" ಎಂದು ತಿದ್ದುತ್ತಿದ್ದಳು. ಆಮೇಲೆ ತಿದ್ದುವುದಕ್ಕೂ ಪುರುಸೊತ್ತಿಲ್ಲದೆ ಸುಮ್ಮನಾದಳು.

ಒಂಬತ್ತು ವರ್ಷದವಳಿದ್ದಾಗ ಅವಳ ಅಮ್ಮ ಸತ್ತಳು. ಗುಬ್ಬಿ ಎಂದು ಹೆಸರಿಟ್ಟು ಕರೆದವಳು ಅವಳೇ. ಹಿಂದೆ ಇಬ್ಬರು ತಮ್ಮಂದಿರು, ಒಬ್ಬನಿಗೆ ನಾಲ್ಕು, ಇನ್ನೊಬ್ಬನಿಗೆ ಎರಡು. ಅಪ್ಪ ಮೂರು ದಿನ ಅತ್ತ, ನಾಲ್ಕನೆಯ ದಿನ "ಒಲೆ ಹಚ್ಚೋಕೆ ಬರುತ್ತೇನೇ?" ಎಂದ. ಬರುತ್ತದೆ ಎಂದಳು. ಅಷ್ಟೇ, ಮುಗಿಯಿತು ಬಾಲ್ಯ. ಹದಿನಾಲ್ಕಕ್ಕೆ ಲಾಡ್ಜುಗಳ ಹಾಸಿಗೆ ಬಟ್ಟೆ ಒಗೆಯುವ ಕಾರ್ಖಾನೆಗೆ ಸೇರಿದಳು. ಕಲೆ ತೆಗೆಯುವ ಪುಡಿ ಕಲಸಿದ ಬಿಸಿನೀರಿನಲ್ಲಿ ಮೊಣಕೈವರೆಗೆ ಕೈ ಅದ್ದಿಕೊಂಡು, ಯಾರೋ ಹೊರಳಾಡಿ ಎದ್ದುಹೋದ ಹಾಸುಗಳನ್ನು ಹಿಂಡಿ, ಬಿಸಿ ಉರುಳೆಗಳ ನಡುವೆ ತೂರಿಸುವುದು ಕೆಲಸ. ಐದು ವರ್ಷದಲ್ಲಿ ಅವಳ ಉಗುರುಗಳು ಹಳದಿಯಾಗಿ ಸೀಳಿದವು. ಗೆಣ್ಣುಗಳು ದಪ್ಪವಾದವು. ಅಂಗೈ ಒಣಗಿ ಬಿರುಕು ಬಿಟ್ಟಿತು. ಕಿವಿಯ ಹಿಂದೆ ನಾಲ್ಕು ಬಿಳಿಕೂದಲು ಬೇರೆ.

ಅಪ್ಪ ಬಾರ್ ಒಂದರ ಬಾಗಿಲು ಕಾಯುತ್ತಿದ್ದ. ಹತ್ತು ವರ್ಷ ಅವನನ್ನು ಕೇಳುವವರೇ ಇರಲಿಲ್ಲ. ಕುಡಿದವರು ಹೋಗುತ್ತ ಬರುತ್ತ ಅವನ ಮೇಲೆ ವಾಂತಿ ಮಾಡುತ್ತಿದ್ದರು, ಅವನು ಒರೆಸಿಕೊಂಡು ಸಲಾಮು ಹೊಡೆಯುತ್ತಿದ್ದ. ಆಮೇಲೆ ಆ ಊರಿನ ಪುರಸಭೆಯವರಿಗೆ ಜ್ಞಾನೋದಯವಾಯಿತು. ಸಂಜೆ ಏಳರ ಮೇಲೆ ಇಪ್ಪತ್ತೊಂದು ತುಂಬದವರು ಬಾರಿನೊಳಗೆ ಕಾಲಿಡಕೂಡದು, ಕುಡಿಯುವುದಕ್ಕೂ ಇಲ್ಲ, ಕೆಲಸಕ್ಕೂ ಇಲ್ಲ ಎಂದು ಕಾನೂನು ಮಾಡಿದರು. ಒಬ್ಬ ಎಳಸು ಒಳಗೆ ಸಿಕ್ಕಿದರೆ ಬಾರಿಗೆ ಹದಿನೈದು ದಿನ ಬೀಗ. ಬಾಗಿಲಿನವನ ತೋಳಿನ ಪಟ್ಟಿ ಅಲ್ಲೇ ಕಿತ್ತುಕೊಳ್ಳುತ್ತಾರೆ, ಮತ್ತೆ ಯಾವ ಬಾಗಿಲಲ್ಲೂ ಅವನು ನಿಲ್ಲುವಂತಿಲ್ಲ.

ಕಾನೂನು ಬಂದ ಮೇಲೆ ಊರಿನ ಎಳೆಯರೆಲ್ಲ ಕುಡಿತ ಬಿಟ್ಟು ಸಂಭಾವಿತರಾದರು ಎಂದು ಯಾರಾದರೂ ತಿಳಿದರೆ ಅವರಿಗೆ ನನ್ನ ನಮಸ್ಕಾರ. ಒಬ್ಬ ಅಮ್ಮನ ಕಾಡಿಗೆಯಲ್ಲಿ ಮೀಸೆ ಬರೆದುಕೊಂಡು ಬಂದ, ಬಾಗಿಲಿಗೆ ಬರುವಷ್ಟರಲ್ಲಿ ಬೆವರಿಗೆ ಮೀಸೆ ಗಲ್ಲಕ್ಕಿಳಿದಿತ್ತು. ಒಬ್ಬ ಅಕ್ಕನ ಕೂಸನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದ, ತಂದೆಯಾದವನನ್ನು ಯಾರು ತಡೆಯುತ್ತಾರೆ ಎಂಬ ಧೈರ್ಯ. ಕೂಸು "ಮಾಮಾ" ಎಂದು ಕೂಗಿ ಕೆಡಿಸಿತು. ಉಳಿದವರು ಬಸ್ ನಿಲ್ದಾಣದ ಹಿಂದೆ ಬಾಟಲಿಯಲ್ಲೇ ಕುಡಿದು ಅಲ್ಲೇ ಬಿದ್ದುಕೊಂಡರು. ನಲವತ್ತೈದರ ಒಬ್ಬ ಕುಳ್ಳ ಗುಮಾಸ್ತನನ್ನು ಮಾತ್ರ ಎಲ್ಲ ಬಾರಿನವರೂ ತಡೆದು ವಯಸ್ಸು ಕೇಳುತ್ತಿದ್ದರು. ಅವನು ಅದೇ ಖುಷಿಗೆ ದಿನವೂ ಬರತೊಡಗಿದ.

ಈ ಗದ್ದಲದಲ್ಲಿ ಅಪ್ಪ ರಾಜನಾದ. ಸುಳ್ಳು ವಯಸ್ಸಿನ ಗುರುತಿನ ಕಾರ್ಡು ಯಾರಾದರೂ ಮಾಡಿಸಿಕೊಳ್ಳುತ್ತಾರೆ, ಮುಖಕ್ಕೆ ಬಣ್ಣ ಬಳಿದುಕೊಳ್ಳುತ್ತಾರೆ, ಕೈ ಮಾತ್ರ ಮರೆಮಾಚಲಾಗದು ಎಂಬುದು ಅವನ ಸಿದ್ಧಾಂತ. ಬಾಗಿಲಲ್ಲಿ ಒಂದು ಪುಟ್ಟ ಮೇಜು ಹಾಕಿಸಿದ. ಅದರ ಮೇಲೆ ಗೇಣೆತ್ತರಕ್ಕೆ ದೀಪ ಇಳಿಬಿಟ್ಟ. ಬಂದವರು ಬೆಳಕಿಗೆ ಕೈ ಚಾಚಬೇಕು, ಮುಖ ಕತ್ತಲಲ್ಲೇ ಇರಬೇಕು. ಗೆಣ್ಣು ಮುಟ್ಟಿ, ಉಗುರು ಒತ್ತಿ, "ಹದಿನೆಂಟೂವರೆ. ಹೋಗು, ಹಾಲು ಕುಡಿದು ಮಲಕ್ಕೋ" ಎನ್ನುತ್ತಿದ್ದ. ಜನ ಬಿದ್ದು ಬಿದ್ದು ನಗುತ್ತಿದ್ದರು. ಕಾರ್ಡು ತೆಗೆಸಿ ನೋಡಿದರೆ ಅವನ ಲೆಕ್ಕ ಒಂದು ವರ್ಷವೂ ಆಚೀಚೆ ಆಗುತ್ತಿರಲಿಲ್ಲ. ಎಲ್ಲರೂ ಅವನನ್ನು ತಕ್ಕಡಿಯಣ್ಣ ಎಂದು ಕರೆಯತೊಡಗಿದರು, ಅವನ ನಿಜವಾದ ಹೆಸರು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ಒಂದು ಸಂಜೆ ಪ್ರೀತಿಸಿದ ಹುಡುಗಿಯ ಎದುರಿಗೇ ಒಬ್ಬನ ಕೈಯನ್ನು ಎತ್ತಿ ಹಿಡಿದು "ಇದು ಇನ್ನೂ ಬೆರಳು ಚೀಪೋ ಕೈ" ಎಂದು ಸಾಲಿನಲ್ಲಿದ್ದವರಿಗೆಲ್ಲ ತೋರಿಸಿದ. ಆ ಹುಡುಗ ಅಳುತ್ತ ಹೋದ. ಅಪ್ಪ ಮನೆಗೆ ಬಂದು ಅದನ್ನು ನಟಿಸಿ ತೋರಿಸುವಾಗ ತಮ್ಮಂದಿರು ನಕ್ಕರು. ಗುಬ್ಬಿಗೆ ನಗು ಬರಲಿಲ್ಲ.

ಆ ಬೀದಿಗೆ ಬರಕೂಡದು ಎಂದು ಅಪ್ಪ ಅವಳಿಗೆ ಮೊದಲೇ ತಾಕೀತು ಮಾಡಿದ್ದ. "ಅಲ್ಲಿ ಕಾಲಿಟ್ರೆ ಕಾಲು ಮುರೀತೀನಿ. ಮರ್ಯಾದಸ್ಥರ ಜಾಗ ಅಲ್ಲ ಅದು." ಹಾಗಾಗಿ ಬಾರಿನವರು ಯಾರೂ ಅವಳನ್ನು ಕಂಡವರಲ್ಲ.

ಒಂದು ದಿನ ಸಭೆಯ ತಪಾಸಣೆ ಅಮ್ಮ ಕಚೇರಿಯ ಪರದೆಗಳನ್ನು ಒಗೆಯಲು ಕೊಡಲು ಕಾರ್ಖಾನೆಗೆ ಬಂದಳು. ಚೀಟಿ ಬರೆದುಕೊಟ್ಟ ಗುಬ್ಬಿಯನ್ನು "ಎಷ್ಟು ಮಕ್ಕಳಮ್ಮ ನಿನಗೆ?" ಎಂದು ಕೇಳಿದಳು.

"ನನಗೆ ಹತ್ತೊಂಬತ್ತು ಮೇಡಂ."

"ಮಕ್ಕಳಾ?" ಎಂದಳು ಆಕೆ ಗಾಬರಿಯಾಗಿ.

"ವಯಸ್ಸು."

ಆಕೆ ನಂಬಲಿಲ್ಲ. ಜನನ ಪತ್ರ ತರಿಸಿ ನೋಡಿ ನಂಬಿದಳು, ನೋಡಿದ ಮೇಲೆ ಅವಳ ಕಣ್ಣುಗಳು ಹೊಳೆದವು. ಬಾರುಗಳನ್ನು ಪರೀಕ್ಷಿಸಲು ಸಭೆಯವರು ಇಪ್ಪತ್ತೊಂದು ತುಂಬದವರನ್ನೇ ಗುಟ್ಟಾಗಿ ಕಳಿಸುತ್ತಿದ್ದರು. ಬಾಗಿಲಿನವನು ತಡೆದರೆ ಬಾರು ಪಾಸು, ಬಿಟ್ಟರೆ ಬೀಗ. ಹೋದವರು ತಾವಾಗಿ ಬಾಯಿ ಬಿಡಬಾರದು. ವಯಸ್ಸು ಕೇಳಿದರೆ ನಿಜ ಹೇಳಬೇಕು, ಕಾರ್ಡು ಕೇಳಿದರೆ ತೋರಿಸಬೇಕು. ಬಾರ್ ಮಾಲೀಕರು ಜಗಳವಾಡಿ ಇದಕ್ಕೊಂದು ಕಂಡಿ ಇಟ್ಟುಕೊಂಡಿದ್ದರು. ಬಂದವರನ್ನು ನೋಡಿದರೆ ಯಾರಿಗೂ ಎಳೆಯರೆನಿಸುವುದಿಲ್ಲ ಎಂದು ಅಲ್ಲಿದ್ದ ಐದು ಗಿರಾಕಿಗಳು ರುಜು ಹಾಕಿದರೆ ಆ ಪರೀಕ್ಷೆ ರದ್ದು. ಹಾಗೆ ರದ್ದಾದವರನ್ನು ಸಭೆಯವರು ಮತ್ತೆ ಕರೆಯುವುದಿಲ್ಲ.

ಗುಬ್ಬಿ ಒಪ್ಪಿಕೊಂಡಳು. ಆರು ತಿಂಗಳು ಸರಿಯಾಗಿ ಮಾಡಿದರೆ ಕಚೇರಿಯಲ್ಲೇ ಒಂದು ಕುರ್ಚಿ ಕೊಡಿಸುತ್ತೇನೆ ಎಂದು ತಪಾಸಣೆ ಅಮ್ಮ ಹೇಳಿದ್ದಳು. ಕುರ್ಚಿ! ಐದು ವರ್ಷದಿಂದ ನಿಂತೇ ಕೆಲಸ ಮಾಡಿದವಳಿಗೆ ಆ ಮಾತು ಕಿವಿಯಲ್ಲೇ ಉಳಿಯಿತು. ಅಪ್ಪನಿಗೆ ಹೇಳಲಿಲ್ಲ. ಅವನು ಸಂಜೆ ಹೋದರೆ ಬರುವುದು ನಡುರಾತ್ರಿಗೆ. ಪರೀಕ್ಷೆಗೆ ಬರುವವರನ್ನು ನೆನೆದರೇ ಅವನ ಕಣ್ಣು ಕೆಂಪಾಗುತ್ತಿತ್ತು. "ಅನ್ನ ಕಿತ್ಕೊಳ್ಳೋಕೆ ಬರೋ ಮುಂಡೇವು" ಎನ್ನುತ್ತಿದ್ದ.

ಮೂರು ವಾರದಲ್ಲಿ ಎಂಟು ಬಾರು. ಏಳರಲ್ಲಿ ಅವಳನ್ನು ಯಾರೂ ಏನೂ ಕೇಳಲಿಲ್ಲ. ಏಳಕ್ಕೂ ಬೀಗ ಬಿತ್ತು, ತಪಾಸಣೆ ಎಂದೊಡನೆ ಗಿರಾಕಿಗಳು ಓಡಿಹೋಗಿ ರುಜುವಿಗೆ ಐದು ಜನ ಎಲ್ಲೂ ಸಿಗಲಿಲ್ಲ. ಎಂಟನೆಯ ಬಾಗಿಲಲ್ಲಿ ಒಬ್ಬ ಮುದುಕ ಅವಳ ಮುಖವನ್ನು ಒಂದು ಕ್ಷಣ ದಿಟ್ಟಿಸಿ, "ನೀನಿನ್ನೂ ಚಿಕ್ಕವಳು ಕಣಮ್ಮ, ಮನೆಗೆ ಹೋಗು" ಎಂದ. ಗುಬ್ಬಿಗೆ ಅವನ ಕಾಲಿಗೆ ಬೀಳೋಣ ಅನ್ನಿಸಿತು. ಜೀಪಿಗೆ ವಾಪಸು ಬಂದು ಕೂತಾಗಲೂ ಅವಳು ನಗುತ್ತಿದ್ದಳು.

ಒಂಬತ್ತನೆಯ ಬಾರು ಯಾವುದೆಂದು ಜೀಪು ನಿಂತ ಮೇಲೇ ತಿಳಿದದ್ದು. ಎದುರಿಗೆ ಬಾಗಿಲು, ಬಾಗಿಲಲ್ಲಿ ಇಳಿಬಿಟ್ಟ ದೀಪ.

"ಇಲ್ಲಿ ಬೇಡ ಮೇಡಂ."

"ಯಾಕೆ?"

ಯಾಕೆಂದು ಹೇಳಿದರೆ ಅಪ್ಪನ ಮೇಲೆ ಗುಮಾನಿ ಬೀಳುತ್ತದೆ, ಅವಳ ಕುರ್ಚಿಯೂ ಹೋಗುತ್ತದೆ. ಆಮೇಲೆ ಅವಳಿಗೆ ಇನ್ನೊಂದು ಯೋಚನೆ ಹೊಳೆಯಿತು. ಹೆದರುವುದೇನು? ಹೆತ್ತ ಅಪ್ಪನಿಗೆ ಮಗಳ ಗುರುತು ಸಿಗುವುದಿಲ್ಲವೇ? ಕಂಡೊಡನೆ ರೇಗುತ್ತಾನೆ, ಅಟ್ಟುತ್ತಾನೆ. ಬಾರು ಪಾಸಾಗುತ್ತದೆ, ಅಪ್ಪನ ಪಟ್ಟಿ ಉಳಿಯುತ್ತದೆ. ಮನೆಗೆ ಬಂದ ಮೇಲೆ ಎರಡು ಏಟು ಬಿದ್ದರೆ ಬೀಳಲಿ. ಅವಳು ತಲೆಗೆ ಬಟ್ಟೆ ಸುತ್ತಿಕೊಂಡು ಇಳಿದಳು.

ಸಾಲಿನಲ್ಲಿ ಆರು ಜನ. ಅಪ್ಪನ ದನಿ ಕೇಳುತ್ತಿತ್ತು, ಮನೆಯಲ್ಲಿ ಎಂದೂ ಕೇಳದಷ್ಟು ಖುಷಿಯ ದನಿ. ಅವಳ ಸರದಿ ಬಂತು. ಮೇಜಿನ ಮೇಲೆ ಎರಡೂ ಕೈ ಇಟ್ಟಳು. ಅಪ್ಪ ಬಗ್ಗಿ ನೋಡಿದ. ಒಂದು ಬೆರಳನ್ನು ತುದಿಯಿಂದ ಎತ್ತಿ ಹೊರಳಿಸಿದ. ನೋಡಪ್ಪಾ, ಮೇಲೆ ನೋಡು ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು.

"ಮಕ್ಕಳನ್ನ ಗಂಡನ ಹತ್ರ ಬಿಟ್ಟು ಬಂದ್ರೇನಕ್ಕಾ?" ಎಂದ ಅಪ್ಪ. ಹಿಂದಿನವರು ನಕ್ಕರು. "ಹೋಗಿ, ಒಳಗೆ ಹೆಂಗಸರ ಕಡೆ ಜಾಗ ಇದೆ."

ಗುಬ್ಬಿ ಕದಲಲಿಲ್ಲ. ಬಾಯಿ ಬಿಡುವಂತಿರಲಿಲ್ಲ, ಬಿಟ್ಟಿದ್ದರೂ ಅಪ್ಪಾ ಎಂಬುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅವಳು ತುಸು ಬಗ್ಗಿ ಮುಖವನ್ನು ದೀಪದತ್ತ ತಂದಳು. ಅಷ್ಟರಲ್ಲಿ ಅಪ್ಪ ಮುಂದಿನವನ ಕೈ ಹಿಡಿದಾಗಿತ್ತು.

"ಹೋಗಕ್ಕಾ, ಜನ ಕಾಯ್ತಿದಾರೆ."

ಅವಳು ಒಳಗೆ ಹೋದಳು. ನಿಯಮದ ಪ್ರಕಾರ ಒಂದು ಲೋಟ ಕೇಳಿ, ಕುಡಿಯದೆ ಮುಂದಿಟ್ಟುಕೊಂಡು ಕೂತಳು. ಐದು ನಿಮಿಷಕ್ಕೆ ತಪಾಸಣೆ ಅಮ್ಮ ಬಂದು ದೊಡ್ಡ ದೀಪಗಳನ್ನೆಲ್ಲ ಹಾಕಿಸಿದಳು. ಮಾಲೀಕ ಎದ್ದುಬಿದ್ದು ಓಡಿಬಂದ. ಅಪ್ಪನನ್ನು ಬಾಗಿಲಿನಿಂದ ಕರೆಸಿದರು.

"ಈಕೆಗೆ ಹತ್ತೊಂಬತ್ತು. ಕಾರ್ಡು ಕೇಳದೆ ಬಿಟ್ಟಿದ್ದೀರಿ. ಪಟ್ಟಿ ಬಿಚ್ಚಿ."

ಅಪ್ಪ ಮೊದಲ ಬಾರಿಗೆ ಅವಳ ಮುಖ ನೋಡಿದ. ಅವನ ದವಡೆ ಸಡಿಲವಾಯಿತು. ಗುಬ್ಬಿ ಇನ್ನೂ ಅವನು ಏನಾದರೂ ಅನ್ನುತ್ತಾನೆಂದೇ ಕಾದಳು. ಬೈದಿದ್ದರೂ ಅವಳ ಹೊಟ್ಟೆ ತಣ್ಣಗಾಗುತ್ತಿತ್ತು.

ಅಪ್ಪ ಮುಂದೆ ಬಂದು ಅವಳ ಬಲಗೈ ಹಿಡಿದು ಮೇಲೆತ್ತಿದ. ಮಣಿಕಟ್ಟಿನ ಮೇಲೆ ಬಿಸಿ ಉರುಳೆ ಸುಟ್ಟ ಗಾಯದ ಗುರುತಿತ್ತು, ಆವತ್ತು ಮುಲಾಮು ಹಚ್ಚಿ ಬಟ್ಟೆ ಕಟ್ಟಿದವನು ಅವನೇ. ಅವನ ಹೆಬ್ಬೆರಳು ಸರಿಯಾಗಿ ಆ ಗುರುತನ್ನು ಮುಚ್ಚಿತು.

"ಐದು ಜನ ಬನ್ರಪ್ಪಾ!" ಎಂದು ಕೂಗಿದ. "ನೋಡಿ ಹೇಳಿ. ಇದು ಹತ್ತೊಂಬತ್ತರ ಕೈನಾ? ಹತ್ತು ವರ್ಷ ಸಂಸಾರ ಎಳೆದಿರೋ ಕೈ ಇದು. ಸುಳ್ಳಾದ್ರೆ ನನ್ನ ಕಣ್ಣು ಕೀಳಿ!"

ಸುಳ್ಳೇನೂ ಆಗಿರಲಿಲ್ಲ. ಜನ ಕುರ್ಚಿ ಎಳೆದು ಹತ್ತಿರ ಬಂದರು. ಕುಡಿದವರಿಗೆ ಇದಕ್ಕಿಂತ ಒಳ್ಳೆಯ ಆಟ ಸಿಗುವುದುಂಟೇ?

"ಮೂವತ್ತು" ಎಂದ ಒಬ್ಬ.

"ಮೂವತ್ತೈದು. ಎರಡು ಹೆತ್ತಿರೋ ಮೈಕಟ್ಟು ನೋಡು."

"ಕೂದಲು ನೋಡ್ರೋ, ಕಿವಿ ಹಿಂದೆ. ನಮ್ಮ ಅತ್ತೆಗೂ ಇಷ್ಟು ಬೆಳ್ಳಗಾಗಿಲ್ಲ."

ಕುಳ್ಳ ಗುಮಾಸ್ತ ಎಲ್ಲರನ್ನೂ ಸರಿಸಿಕೊಂಡು ಬಂದು, "ನನಗಿಂತ ದೊಡ್ಡೋಳು" ಎಂದು ಮೊದಲ ರುಜು ಹಾಕಿದ. ಉಳಿದ ನಾಲ್ಕಕ್ಕೆ ಹೊತ್ತು ಹಿಡಿಯಲಿಲ್ಲ. ಅಷ್ಟು ಹೊತ್ತೂ ಅಪ್ಪ ಅವಳ ಕೈಯನ್ನು ಎತ್ತಿಯೇ ಹಿಡಿದಿದ್ದ, ಒಮ್ಮೆಯೂ ಮುಖ ನೋಡಲಿಲ್ಲ.

ತಪಾಸಣೆ ಅಮ್ಮ ಕಾಗದ ಮಡಚಿದಳು. "ನೀನೇನಾದ್ರೂ ಹೇಳೋದಿದೆಯಾ?" ಎಂದು ಗುಬ್ಬಿಯನ್ನು ಕೇಳಿದಳು. ಒಂದೇ ಒಂದು ಮಾತು ಹೇಳಿದ್ದರೆ ಅಪ್ಪ ಅಲ್ಲೇ ಮುಗಿದುಹೋಗುತ್ತಿದ್ದ. ಗುಬ್ಬಿ ಏನೂ ಇಲ್ಲ ಎಂದು ತಲೆಯಾಡಿಸಿದಳು. ಜೀಪಿನ ಹತ್ತಿರ ಆಕೆ ಈ ಕೆಲಸಕ್ಕೆಂದು ಸಭೆ ಕೊಟ್ಟಿದ್ದ ಚೀಟಿ ವಾಪಸು ತೆಗೆದುಕೊಂಡು, "ನಿನ್ನ ತಪ್ಪಲ್ಲ ಕಣಮ್ಮ. ತೀರಾ ವಯಸ್ಸಾಗಿ ಕಾಣ್ತೀಯ" ಎಂದಳು. ಸಮಾಧಾನ ಹೇಳಿದೆ ಎಂದೇ ಆಕೆ ತಿಳಿದಿರಬೇಕು. ಗುಬ್ಬಿ ನಡೆದು ಮನೆಗೆ ಬಂದಳು.

ಅಪ್ಪ ಬಂದಾಗ ತಮ್ಮಂದಿರು ಮಲಗಿದ್ದರು. ತೋಳಿನ ಪಟ್ಟಿ ಬಿಚ್ಚಿ ಗೂಟಕ್ಕೆ ಹಾಕಿ, ಕೈಕಾಲು ತೊಳೆದು ಊಟಕ್ಕೆ ಕೂತ. ಅವಳು ಬಡಿಸಿದಳು. ಎರಡು ತುತ್ತು ಇಳಿದ ಮೇಲೆ ಕೇಳಿದಳು.

"ಬಾಗಿಲಲ್ಲಿ ನಾನು ಅಂತ ಗೊತ್ತಾಗ್ಲಿಲ್ವಾ?"

"ಇಲ್ಲ."

"ಒಳಗೆ?"

"ಒಳಗೆ ಗೊತ್ತಾಯ್ತು."

"ಮತ್ತೆ?"

"ಮತ್ತೇನು? ಮಗಳು ಅಂದಿದ್ರೆ ಬೇಕಂತಲೇ ಬಿಟ್ಟೆ ಅಂತಿದ್ರು. ಪಟ್ಟಿ ಹೋಗ್ತಿತ್ತು. ಜೈಲೂ ಆಗ್ತಿತ್ತೇನೋ." ಅವನು ನೀರು ಕುಡಿದ. ದನಿಯಲ್ಲಿ ಸಿಟ್ಟಿರಲಿಲ್ಲ, ಏನೋ ಒಂದು ಹುರುಪೇ ಇತ್ತು. "ಒಂದು ಲೆಕ್ಕಕ್ಕೆ ಒಳ್ಳೇದೇ ಆಯ್ತು ಬಿಡು. ಲೋಟ ತೊಳೆಯೋ ಹುಡುಗೀನ ಈ ಕಾನೂನು ಬಂದಾಗಿಂದ ಬಿಡಿಸಿಬಿಟ್ಟಿದಾರೆ. ಸಾಹುಕಾರ ನಿನ್ನ ಕೈ ನೋಡಿ ಮೆಚ್ಕೊಂಡ. ಯಾರಯ್ಯ ಆ ಹೆಂಗಸು, ಗಟ್ಟಿಮುಟ್ಟಾಗಿದಾಳೆ, ಸಿಕ್ತಾಳಾ ವಿಚಾರಿಸು ಅಂದ. ನಾಳೆ ಕರ್ಕೊಂಡು ಬರ್ತೀನಿ ಅಂದೆ. ಹಗಲು ನಿನ್ನ ಬಟ್ಟೆ ಕೆಲಸ ಮಾಡ್ಕೋ, ಸಂಜೆ ಮೇಲೆ ಅಲ್ಲಿ."

"ನನಗೆ ಇಪ್ಪತ್ತೊಂದಾಗಿಲ್ಲ."

"ಯಾರು ಕೇಳ್ತಾರೆ? ಕೆಲಸದವರನ್ನ ನೋಡಿ ಬಿಡೋನು ನಾನೇ. ತಪಾಸಣೆಯೋರು ಹಿಂದಿನ ಕೋಣೆಗೆ ಬರಲ್ಲ. ಐದು ಜನ ರುಜು ಬೇರೆ ಹಾಕಿದಾರೆ, ಮೂವತ್ತರ ಮೇಲೆ ಅಂತ." ತನ್ನ ಮಾತಿಗೆ ತಾನೇ ಸಣ್ಣಗೆ ನಕ್ಕ. ಆಮೇಲೆ ತಟ್ಟೆ ನೋಡುತ್ತ ಹೇಳಿದ, "ಒಂದು ಮಾತ್ರ ನೆನಪಿಟ್ಕೋ. ಅಲ್ಲಿ ಅಪ್ಪಾ ಗಿಪ್ಪಾ ಅನ್ಬೇಡ. ಎಲ್ಲರ ಹಾಗೆ ಅಣ್ಣ ಅನ್ನು."

ಗುಬ್ಬಿ ಪಾತ್ರೆಯ ಮುಚ್ಚಳ ತೆಗೆದು ಇನ್ನೊಂದು ಸೌಟು ಬಡಿಸಿದಳು.

"ಆಯ್ತಣ್ಣ" ಎಂದಳು.

"ಇಲ್ಲಲ್ಲ ಕಣೇ, ಅಲ್ಲಿ."

"ಆಯ್ತಣ್ಣ."

ಅವನು ತಲೆಯೆತ್ತಿದ. ಮನೆಯ ದೀಪ ಗೋಡೆಯ ಮೇಲೆ ಎತ್ತರದಲ್ಲಿತ್ತು, ಮಗಳ ಮುಖ ಪೂರ್ತಿಯಾಗಿ ಕಾಣುತ್ತಿತ್ತು. ಅವಳು ತಟ್ಟೆಯ ಪಕ್ಕಕ್ಕೆ ನೀರಿಟ್ಟು, ಇನ್ನೇನಾದರೂ ಬೇಕಾ ಅಣ್ಣ ಎಂದು ಕೇಳಿ, ಉಳಿದ ಪಾತ್ರೆಗಳನ್ನು ತೊಳೆಯಲು ಎತ್ತಿಕೊಂಡು ಹೋದಳು.