ನಟ್ಟಿನ ಮೇಲೊಂದು ಕೆಂಪು ಗೆರೆ

ಯಲ್ಲಾಪುರದ ಕಮಲಾಕರ ಹೆಗಡೆಗೆ ಅನುಮಾನ ಪಡಲು ಕಾರಣವೇ ಬೇಕಾಗಿರಲಿಲ್ಲ. ಕಾರಣ ಸಿಕ್ಕರೆ ಅದರ ಮೇಲೂ ಅನುಮಾನ. ಬೀಗ ಹಾಕಿ ಗೇಟಿನವರೆಗೆ ಹೋಗಿ, ಮತ್ತೆ ಬಂದು ಬೀಗ ಜಗ್ಗಿ ನೋಡುವ ಆಸಾಮಿ. ಹೋಟೆಲಿನ ದೋಸೆಯನ್ನು ಮಗುಚಿ ನೋಡದೆ ಬಾಯಿಗಿಟ್ಟವನಲ್ಲ. ದಾರಿಯಲ್ಲಿ ಯಾರಾದರೂ ನಕ್ಕರೆ ಸಾಕು, 'ಇಂವ ಎಂತಕ್ಕೆ ನಕ್ಕ?' ಎಂದು ಸಂಜೆವರೆಗೂ ತಲೆ ಕೆಡಿಸಿಕೊಳ್ಳುತ್ತಿದ್ದ. ನಕ್ಕವನು ಪಾಪ, ಅಷ್ಟರಲ್ಲಿ ಹುಬ್ಬಳ್ಳಿ ಮುಟ್ಟಿರುತ್ತಿದ್ದ.

ಇಂಥ ಮನುಷ್ಯ ಸ್ಪೋರ್ಟ್ಸ್ ಕಾರು ಕಟ್ಟಿದ. ಕೊಂಡದ್ದಲ್ಲ ಮಾರಾಯ್ರೇ, ಕಟ್ಟಿದ್ದು! ಪುಣೆಯಿಂದ ಪೆಟ್ಟಿಗೆ ಪೆಟ್ಟಿಗೆಯಾಗಿ ಬಿಡಿಭಾಗಗಳು ಬಂದವು. ತನ್ನ ಸಾಮಿಲ್ಲಿನ ಮೂಲೆಯಲ್ಲಿ, ಮರದ ಹೊಟ್ಟಿನ ನಡುವೆ ಕೂತು ಒಂದೊಂದಾಗಿ ಜೋಡಿಸಿದ. ಮೆಕ್ಯಾನಿಕ್ಕನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ. ಒಳ್ಳೆ ಸಾಮಾನು ಕದ್ದು ಕೆಟ್ಟದ್ದು ಹಾಕುತ್ತಾನೆಂಬ ಗುಮಾನಿ. ಪೆಟ್ಟಿಗೆಯಲ್ಲಿ ಬಂದ ನಟ್ಟುಗಳೂ ಡೂಪ್ಲಿಕೇಟ್ ಎಂದು ತೀರ್ಮಾನಿಸಿ ಮೂಲೆಗೆಸೆದು, ಸಾಮಿಲ್ಲಿನ ಹಳೇ ನಟ್ಟುಗಳನ್ನೇ ಬಿಗಿದ. ಕೊನೆಗೆ ಗಾಡಿ ಹೊರಬಂತು: ಮೇಲೆ ಸೂರಿಲ್ಲ, ಬಾಗಿಲಿಲ್ಲ, ಎರಡೇ ಸೀಟು, ಮುಂದಿನ ಗಾಲಿಗಳು ಮೈಯಿಂದ ಹೊರಗೆ ಚಾಚಿಕೊಂಡಿವೆ. ಊರಿನವರು ನೋಡಿ ದಂಗಾದರು.

ಇಷ್ಟೆಲ್ಲ ಪಾಡು ಪಟ್ಟದ್ದು ಹೆಂಡತಿ ಸುಬ್ಬಲಕ್ಷ್ಮಿಗಾಗಿ. ಮದುವೆಯಾದ ಹೊಸತರಲ್ಲಿ ಸ್ಕೂಟರಿನ ಹಿಂದೆ ಕೂತು ಅವಳು ಸಣ್ಣಗೆ ಹಾಡು ಗುನುಗುತ್ತಿದ್ದಳು. ಆಮೇಲೆ ಗಾಜು ಮುಚ್ಚಿದ ಕಾರು ಬಂತು, ಅವಳು ಹತ್ತಿದ ಕೂಡಲೇ ನಿದ್ದೆ ಹೋಗತೊಡಗಿದಳು, ಗುನುಗು ನಿಂತೇಹೋಯಿತು. ಈ ಗಾಡಿಯಲ್ಲಿ ಮೊದಲ ದಿನ ಮಂಚಿಕೇರಿ ದಾಟುವಾಗ ಗಾಳಿಗೆ ಮುಖ ಕೊಟ್ಟು ಅವಳು ಮತ್ತೆ ಗುನುಗಿದಳು. ಕಮಲಾಕರನಿಗೆ ಕಣ್ಣು ಒದ್ದೆಯಾಯಿತು. ಗಾಳಿಗೆ ಹಾಗಾದದ್ದು ಎಂದುಕೊಂಡ.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಹೀಗೆ ಗಾಡಿ ಕಟ್ಟಿಕೊಂಡ ಹುಚ್ಚರದ್ದೇ ಒಂದು ಬಳಗವಿತ್ತು. ತಿಂಗಳಿಗೊಂದು ಭಾನುವಾರ ಎಲ್ಲರೂ ಸಾಲಾಗಿ ಹೊರಡುವುದು, ಎಲ್ಲಾದರೂ ನಿಂತು ಚಾ ಕುಡಿಯುವುದು, ಒಬ್ಬರ ಗಾಡಿಗೆ ಇನ್ನೊಬ್ಬರು ತಲೆ ಹಾಕಿ ಹರಟುವುದು. ಸುಬ್ಬಲಕ್ಷ್ಮಿಗೆ ಆ ಭಾನುವಾರ ಬಂತೆಂದರೆ ಹಬ್ಬ. ಹತ್ತುವ ಮೊದಲು ಅವಳು ಗಾಡಿಗೆ ಒಂದು ಸುತ್ತು ಬರುತ್ತಿದ್ದಳು. ಮುಂದಿನ ಎರಡೂ ಗಾಲಿಗಳ ಹತ್ತಿರ ಬಗ್ಗಿ ನೋಡಿ, ಕೈ ಮುಗಿದೇ ಕೂರುತ್ತಿದ್ದಳು. "ಎಂತಾ ಭಕ್ತಿ ನೋಡಿ!" ಎಂದು ಕಮಲಾಕರ ಬಳಗದವರ ಮುಂದೆ ಎದೆಯುಬ್ಬಿಸಿ ಹೇಳಿಕೊಳ್ಳುತ್ತಿದ್ದ. ಜಗತ್ತಿನ ಎಲ್ಲದರ ಮೇಲೂ ಅನುಮಾನ ಪಟ್ಟವನಿಗೆ ಅದೊಂದರ ಮೇಲೆ ಮಾತ್ರ ಬರಲಿಲ್ಲ.

ಬಳಗದಲ್ಲಿ ಅವನ ಕಣ್ಣಿದ್ದುದು ಶಿವಪುತ್ರಪ್ಪನ ಮೇಲೆ. ಬನವಾಸಿ ಕಡೆಯ ಅಕ್ಕಿ ಗಿರಣಿ ಮಾಲೀಕ, ದೊಡ್ಡ ಮೀಸೆ, ದೊಡ್ಡ ಗಂಟಲು. ಒಮ್ಮೆ ಚಾ ಅಂಗಡಿಯ ಮುಂದೆ ಅವನು, "ಹೆಗಡೇರ, ಮುಂದಿನ ಗಾಲಿ ಕಡೆ ನಟ್ಟು ಸಡಲ ಆದಂಗ ಐತಿ, ಒಂಚೂರು ಬಿಗಿ ಮಾಡ್ಲೇನ್ರಿ?" ಎಂದ. "ನನ್ನ ಗಾಡಿ ಮುಟ್ಟಬೇಡಿ" ಎಂದು ಇವನು ಕಡ್ಡಿ ಮುರಿದ ಹಾಗೆ ಹೇಳಿದ. ಶಿವಪುತ್ರಪ್ಪ ನಕ್ಕು, "ಆತು ಬಿಡ್ರಿ. ಎಂದರ ಮಾರೂದಾದ್ರ ಮೊದಲ ನನಗ ಹೇಳ್ರಿ" ಎಂದ. ಅಷ್ಟೇ ಸಾಕಾಯಿತು. ಹೆದರಿಸಿ ಗಾಡಿ ಹೊಡೆದುಕೊಳ್ಳುವ ಹುನ್ನಾರ ಇದು ಎಂದು ಕಮಲಾಕರ ಅಂದೇ ಗಂಟು ಹಾಕಿಕೊಂಡ.

ಕೆಲವು ತಿಂಗಳ ಮೇಲೆ ಗಾಡಿ ತೊಳೆಯುವಾಗ ಆ ಗೆರೆ ಕಂಡಿತು. ಮುಂದಿನ ಗಾಲಿಯನ್ನು ತಿರುಗಿಸುವ ರಾಡಿನ ನಟ್ಟಿನ ಮೇಲೆ, ಪಕ್ಕದ ಕಬ್ಬಿಣಕ್ಕೂ ಸೇರಿಸಿ ಎಳೆದ ಸಣ್ಣ ಕೆಂಪು ಗೆರೆ. ಆ ಬದಿಗೂ ಅಂಥದ್ದೇ. ಕುಂಕುಮವಿರಬೇಕೆಂದು ನೀರು ಹಾಕಿ ಉಜ್ಜಿದ, ಹೋಗಲಿಲ್ಲ. ಬಣ್ಣ! ನಾಟಾ ವ್ಯಾಪಾರದಲ್ಲಿ ಕೂದಲು ಹಣ್ಣಾದವನು ಅವನು. ಕಾಡಿನಲ್ಲಿ ಮರದ ಮೇಲೆ ಬಣ್ಣದ ಗುರುತು ಬಿತ್ತೆಂದರೆ ಆ ಮರದ ಕತೆ ಮುಗಿದಂತೆ, ಕೊಡಲಿ ಬರುವುದೊಂದೇ ಬಾಕಿ. ತನ್ನ ಗಾಡಿಗೆ ಯಾರೋ ಗುರುತು ಹಾಕಿದ್ದಾರೆ. ಯಾರೋ ಏನು, ಆ ಮೀಸೆಯವನೇ.

ಮುಂದಿನ ಭಾನುವಾರ ಚಾ ಅಂಗಡಿ ಮುಟ್ಟಿದ ಕೂಡಲೇ, ಯಾರೂ ನೋಡದ ಹಾಗೆ ಥಿನ್ನರ್ ಹಚ್ಚಿ ಒರೆಸಿ ಹಾಕಿದ. ಸುತ್ತಾಡಿ ಮನೆಗೆ ಬಂದು ನೋಡಿದರೆ ಗೆರೆ ಮತ್ತೆ ಹಾಜರ್! ಮರುತಿಂಗಳೂ ಹಾಗೇ ಒರೆಸಿದ, ಮತ್ತೆ ಬಂತು. ಕಮಲಾಕರನ ನೆಮ್ಮದಿ ಹಾಳಾಯಿತು. ಚಾ ಕುಡಿಯುವಾಗಲೂ ಗಾಡಿಯ ಕಡೆಗೇ ಮುಖ, ಉಳಿದವರ ನಗೆಯಲ್ಲಿ ತನ್ನ ಹೆಸರೇ ಕೇಳಿದ ಹಾಗೆ. ಪಕ್ಕದಲ್ಲಿ ಹೆಂಡತಿ ಗುನುಗುತ್ತಿದ್ದರೂ ಕಿವಿಗೆ ಬೀಳುತ್ತಿರಲಿಲ್ಲ. ಈ ಸಲ ಹೊರಡುವ ಮುನ್ನಾದಿನವೇ ಒರೆಸಿಡುವುದು, ಗೆರೆ ಎಳೆಯುವ ಕೈಯನ್ನು ಅಲ್ಲೇ ಹಿಡಿಯುವುದು, ಆಮೇಲೆ ಬಳಗಕ್ಕೊಂದು ನಮಸ್ಕಾರ ಎಂದು ನಿಶ್ಚಯಿಸಿದ.

ಭಾನುವಾರ ಬೆಳಿಗ್ಗೆ ಸುಬ್ಬಲಕ್ಷ್ಮಿ ತಲೆಗೆ ಶಾಲು ಸುತ್ತಿಕೊಂಡು ಬಂದಳು. ಗಾಡಿಗೆ ಸುತ್ತು ಬಂದಳು. ಬಲಗಾಲಿಯ ಹತ್ತಿರ ಬಗ್ಗಿದಳು, ಎಡಗಾಲಿಯ ಹತ್ತಿರ ಬಗ್ಗಿದಳು. ಎದ್ದವಳ ಮುಖ ಬಿಳಿಚಿಕೊಂಡಿತ್ತು.

"ಆನು ಬತ್ನಿಲ್ಲೆ" ಎಂದಳು.

"ಎಂತಾತೇ?"

"ಎಂತೂ ಇಲ್ಲೆ. ನಿಂಗನೂ ಇವತ್ತು ಹೋಗದು ಬ್ಯಾಡ."

ಹಬ್ಬದ ಹಾಗೆ ಕಾಯುತ್ತಿದ್ದವಳು ಇವತ್ತೇ ಯಾಕೆ ಬೇಡ ಅನ್ನುತ್ತಾಳೆ? ಇವಳೂ ಆ ಕಡೆಯೇ? ಕಮಲಾಕರನಿಗೆ ಉರಿದುಹೋಯಿತು. ಅವಳು ಕೂಗುತ್ತಿದ್ದಂತೆಯೇ ಗಾಡಿ ಬಿಟ್ಟುಕೊಂಡು ಹೊರಟೇಬಿಟ್ಟ. ಮಂಚಿಕೇರಿ ಬಂತು, ಹೋಯಿತು. ಪಕ್ಕದ ಖಾಲಿ ಸೀಟಿನಲ್ಲಿ ಗಾಳಿ ಮಾತ್ರ ಕೂತಿತ್ತು. ತಿರುವುಗಳಲ್ಲಿ ಸ್ಟೇರಿಂಗು ಕೈಗೆ ಒಂಥರಾ ಸಡಿಲ ಎನಿಸಿದರೂ, ಸಿಟ್ಟಿನಲ್ಲಿದ್ದವನು ಲಕ್ಷ್ಯ ಕೊಡಲಿಲ್ಲ.

ಶಿರಸಿಯ ಹೊರಗಿನ ಚಾ ಅಂಗಡಿಯಲ್ಲಿ ಗಾಡಿ ನಿಲ್ಲಿಸಿ, ಒಳಗೆ ಹೋದಂತೆ ಮಾಡಿ ಕಂಬದ ಹಿಂದೆ ನಿಂತ. ಶಿವಪುತ್ರಪ್ಪ ಬಂದ. ಖಾಲಿ ಸೀಟು ನೋಡಿದ, ಬಗ್ಗಿ ಗಾಲಿ ನೋಡಿದ, ಕಿಸೆಯಿಂದ ನಟ್ಟು ತಿರುವುವ ಪಾನಾ ತೆಗೆದ. ಕಮಲಾಕರ ಹಾರಿ ಬಂದು ರಟ್ಟೆ ಹಿಡಿದ.

"ಸಿಕ್ಕಿಬಿದ್ಯಲ್ಲೋ ಕಳ್ಳಾ!"

"ಕೈ ಬಿಡ್ರಿ ಹೆಗಡೇರ, ಮೊದಲ ಇದನ್ನ ನೋಡ್ರಿ" ಎಂದು ಶಿವಪುತ್ರಪ್ಪ ಪಾನಾ ಪಕ್ಕಕ್ಕಿಟ್ಟು, ಬರೀ ಎರಡು ಬೆರಳಿನಿಂದ ನಟ್ಟು ತಿರುವಿದ. ಅದು ಬಾಟಲಿ ಮುಚ್ಚಳದಷ್ಟು ಸಲೀಸಾಗಿ ತಿರುಗಿತು. "ಇನ್ನೊಂದೆರಡು ತಿರುವಿಗೆ ರಾಡೇ ಕಳಚಿ, ನೀವು ಹಳ್ಳದಾಗ ಇರ್ತಿದ್ರಿ."

ಕಮಲಾಕರ ರಟ್ಟೆ ಬಿಟ್ಟ. "ಹಾಗಾದ್ರೆ ಕೆಂಪು ಗೆರೆ?"

"ಅದು ನಿಮ್ಮ ಮನಿಯವರು, ವೈನಿಯವರು ಎಳೀತಿದ್ರು. ನೀವು ಮುಟ್ಟಬ್ಯಾಡ್ರಿ ಅಂದ ಮ್ಯಾಲ ನಾ ಅವರಿಗೆ ಹೇಳ್ದೆ. ಚಾಕ್ಕ ನಿಂತಾಗ ನೀವು ಕೈ ತೊಳಿಯಾಕ ಹೋಗಿರ್ತಿದ್ರಿ, ಅಷ್ಟೊತ್ತಿಗೆ ನಾ ಬಿಗಿ ಮಾಡೂದು, ಅವರು ಗೆರಿ ಎಳಿಯೂದು. ನಟ್ಟಿನ ಮ್ಯಾಲಿನ ಗೆರಿ, ಬಾಜೂ ಕಬ್ಬಿಣದ ಗೆರಿ ಕೂಡಿದ್ರ ನಟ್ಟು ಜರುಗಿಲ್ಲ ಅಂತ ಅರ್ಥ. ಅದನ್ನ ನೋಡೇ ಅವರು ಗಾಡಿ ಹತ್ತೂದ್ರಿ."

"ನನಗೆ ಯಾಕೆ ಹೇಳಲಿಲ್ಲ?"

"ಹೇಳಿದ್ರ ನಂಬತಿದ್ರೇನ್ರಿ?"

ಕಮಲಾಕರ ಅಲ್ಲೇ ಕಲ್ಲಿನ ಮೇಲೆ ಕೂತ. ಅವಳ ಸುತ್ತು, ಅವಳ ಕೈಮುಗಿತ ಎಲ್ಲ ಕಣ್ಣ ಮುಂದೆ ಬಂತು. ಪ್ರತಿ ಭಾನುವಾರ ಅವಳು ಜೀವ ಕೈಯಲ್ಲಿ ಹಿಡಿದು ತನ್ನ ಪಕ್ಕ ಕೂತಿದ್ದಳು. ಆದರೂ ಗುನುಗಿದ್ದಳು. ಆ ಗೆರೆಯನ್ನು ತಾನೇ ಒರೆಸಿದ್ದ. ಅವಳು ಸುಮ್ಮನೆ ಹತ್ತಿಬಿಟ್ಟಿದ್ದರೆ? ನಾಚಿಕೆಯೂ ಹೆದರಿಕೆಯೂ ಒಟ್ಟಿಗೆ ನುಗ್ಗಿ ಬಂದು ಅವನಿಗೆ ಅಳುವೇ ಬಂತು. ಶಿವಪುತ್ರಪ್ಪ ಇನ್ನೊಂದು ಕಿಸೆಯಿಂದ ಎರಡು ಹೊಸ ನಟ್ಟು ತೆಗೆದ. ನೀವು ಯಾವತ್ತಾದರೂ ಹೂಂ ಅಂದರೆ ಇರಲಿ ಅಂತ ಇಟ್ಟುಕೊಂಡು ತಿರುಗುತ್ತಿದ್ದೇನೆ ಎಂದ. ಕಮಲಾಕರ ಹೂಂ ಅಂದ.

ಸಿದ್ದಾಪುರದ ಕಡೆ ಬಳಗ ಹೊರಟಿತು, ಇವನು ಮನೆ ಕಡೆ ತಿರುಗಿದ. ಸುಬ್ಬಲಕ್ಷ್ಮಿ ಶಾಲು ಕೂಡ ತೆಗೆಯದೆ ಗೇಟಿನಲ್ಲೇ ನಿಂತಿದ್ದಳು. ಗಂಡನನ್ನು ಕಂಡದ್ದೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಇಳಿದು ಬಂದು, ಗಾಲಿಯ ಹೊಸ ನಟ್ಟು ತೋರಿಸಿ, ಬಣ್ಣಕ್ಕೆಂದು ಕೈ ಚಾಚಿದ. ಅವಳಿಗೆ ಗೊತ್ತಾಯಿತು. ಒಳಗೆ ಹೋಗಿ, ಮಗಳು ಸ್ಫೂರ್ತಿ ಬಿಟ್ಟುಹೋಗಿದ್ದ ಉಗುರುಬಣ್ಣದ ಸೀಸೆ ತಂದಳು. ಗಾಲಿಯ ಹತ್ತಿರ ಕೂತು, ಸೀಸೆಯ ಮುಚ್ಚಳ ತಿರುವಿ, ಕುಂಚ ಎತ್ತಿದವಳು ಗೆರೆ ಎಳೆಯದೆ ತಡೆದಳು.

"ಇದರ ಬಿಗಿ ಮಾಡಿದ್ದು ಯಾರು? ನಿಂಗನಾ?"

ಹೌದು ಎಂದುಬಿಡುವ ಆಸೆ ಬಾಯಿ ತುದಿವರೆಗೆ ಬಂದಿತ್ತು. ಅದನ್ನು ನುಂಗಿಕೊಂಡ.

"ಅಲ್ಲ. ಶಿವಪುತ್ರಪ್ಪ ಮಾಡಿದ್ದು. ಆನು ಮುಟ್ಟಿದ್ನಿಲ್ಲೆ."

ಸುಬ್ಬಲಕ್ಷ್ಮಿ ಎರಡೂ ಕಡೆ ಗೆರೆ ಎಳೆದಳು, ಒಣಗಲೆಂದು ಊದಿದಳು.

"ಹಂಗಾರೆ ಬತ್ತಿ" ಎಂದು ಹತ್ತಿ ಕೂತಳು.