ಜಡೆ ಹೆಣೆದ ಸ್ಪೀಕರ್ ಕೇಬಲ್

2001ರಲ್ಲಿ ನಾನು ದುಬೈಯ ಅಲ್ ಮುರಕ್ಕಬಾತ್‌ನ ಒಂದು ಆಡಿಯೋ ಅಂಗಡಿಯಲ್ಲಿ ಸರ್ವಿಸ್ ಎಂಜಿನಿಯರ್ ಆಗಿದ್ದೆ. ಎಂಜಿನಿಯರ್ ಎನ್ನುವುದು ವೀಸಾದ ಮೇಲಿನ ಮಾತು. ಕೆಲಸ ಮಾತ್ರ ದಿನವಿಡೀ ಸೋಲ್ಡರಿಂಗ್ ಹೊಗೆ ಕುಡಿಯುವುದು. ಆದರೆ ಆ ವೀಸಾದ ಬಲದಿಂದಲೇ ಹೆಂಡತಿ ಮಗಳನ್ನು ಉಡುಪಿಯಿಂದ ದುಬೈಯಲ್ಲೇ ಇದ್ದ ಕರಾಮದ ಫ್ಲ್ಯಾಟಿಗೆ ಕರೆಸಿಕೊಂಡಿದ್ದೆ. ಮಗಳನ್ನು ಆಗಷ್ಟೇ ಶಾಲೆಗೆ ಸೇರಿಸಿದ್ದೆವು. ಕೆಲಸ ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕಿತ್ತು.

ಅಂಥ ಹೊತ್ತಿನಲ್ಲಿ ಒಂದು ಆಂಪ್ಲಿಫೈಯರ್ ನನ್ನ ಬೆನ್ನು ಹತ್ತಿತು. ಅದು ಅಬುಧಾಬಿಯ ಡಾಕ್ಟರ್ ಪಾಟೀಲರದು. ಧಾರವಾಡದ ಕಡೆಯವರು, ಸಂಗೀತದ ಹುಚ್ಚು, ಸಾಲದ್ದಕ್ಕೆ ನಮ್ಮ ಅಂಗಡಿ ಮಾಲೀಕರ ಇಡೀ ಕುಟುಂಬಕ್ಕೆ ವೈದ್ಯರು. ಸ್ಪೀಕರಿಗೆ ಶಕ್ತಿ ಕೊಡುವ ಔಟ್‌ಪುಟ್ ಟ್ರಾನ್ಸಿಸ್ಟರುಗಳು ಸುಟ್ಟುಹೋಗಿದ್ದವು. ಹೊಸದು ಹಾಕಿ, ಬೆಂಚಿನ ಮೇಲೆ ಇಡೀ ದಿನ ಹಾಡಿಸಿ ನೋಡಿ ಕಳಿಸಿದೆ. ಒಂದೇ ವಾರಕ್ಕೆ ಮತ್ತೆ ಸುಟ್ಟುಕೊಂಡು ಬಂತು. ನನಗೆ ತಲೆ ಕೆಟ್ಟು ಹೋಯಿತು.

ಫೋನ್ ಮಾಡಿ ಕೇಳಿದೆ: “ಡಾಕ್ಟ್ರೇ, ಮನೆಯಲ್ಲಿ ಎಂತಾದರೂ ತೊಂದರೆ ಉಂಟಾ? ಕರೆಂಟಿಂದು, ಸ್ಪೀಕರಿಂದು?”

“ಏನೂ ತೊಂದ್ರಿ ಇಲ್ರೀ. ಎಲ್ಲಾ ಛಲೋ ಐತಿ. ನಿಮ್ಮ ಮಶೀನೇ ಸರಿ ಇಲ್ಲ.”

ನಮ್ಮ ಮ್ಯಾನೇಜರ್ ಲೆಬನಾನಿನವರು. ಅವರು ನನ್ನನ್ನು ಒಳಗೆ ಕರೆದು, “ಮೂರನೇ ಸಲ ಸುಟ್ಟರೆ ಖಲಾಸ್. ನಿನ್ನ ವೀಸಾ ಕ್ಯಾನ್ಸಲ್” ಎಂದರು. ಕೂಗಾಡಿ ಹೇಳಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಚಹಾ ಕುಡಿಯುತ್ತ, ನಿಧಾನವಾಗಿ ಹೇಳಿದರು.  ಮನೆಗೆ ಬಂದರೆ ಹೆಂಡತಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು.

ಮತ್ತೆ ಹೊಸ ಟ್ರಾನ್ಸಿಸ್ಟರುಗಳನ್ನು ಹಾಕಿ, ಈ ಸಲ ನಾನೇ ಹೋಗಿ ಜೋಡಿಸುವುದೆಂದು ತೀರ್ಮಾನಿಸಿದೆ. ಶುಕ್ರವಾರ ಬೆಳಿಗ್ಗೆ ಶೇರ್ ಟ್ಯಾಕ್ಸಿಯಲ್ಲಿ ಆಂಪ್ಲಿಫೈಯರನ್ನು ತೊಡೆಯ ಮೇಲಿಟ್ಟುಕೊಂಡು ಅಬುಧಾಬಿಗೆ ಹೊರಟೆ. ಟೂರಿಸ್ಟ್ ಕ್ಲಬ್ ಏರಿಯಾದ ಫ್ಲ್ಯಾಟಿನಲ್ಲಿ ಡಾಕ್ಟರು ಬಿಗಿ ಮುಖದಿಂದಲೇ ಬಾಗಿಲು ತೆರೆದರು. ಅವರ ಹೆಂಡತಿ ಸುಮಿತ್ರಾಬಾಯಿ ಮಾತ್ರ ಬಾಯಿ ತುಂಬ ಮಾತಾಡಿಸಿ ಅವಲಕ್ಕಿ ತಂದಿಟ್ಟರು. ನಾನು ತಟ್ಟೆಯನ್ನು ಪಕ್ಕಕ್ಕಿಟ್ಟೆ.

ಅಲ್ಲಿದ್ದ ವೈರುಗಳನ್ನೇ ಸಿಕ್ಕಿಸಿ ಸ್ವಿಚ್ ಹಾಕಿದೆ. ಹಾಡು ಹಾಕಲಿಲ್ಲ, ವಾಲ್ಯೂಮನ್ನು ಪೂರ್ತಿ ಇಳಿಸಿದ್ದೆ. ಮುಚ್ಚಳದ ಮೇಲೆ ಅಂಗೈಯಿಟ್ಟು ಕಾದೆ. ಮೊದಲು ತಣ್ಣಗಿತ್ತು. ಆಮೇಲೆ ಬೆಚ್ಚಗಾಯಿತು. ನೋಡನೋಡುತ್ತಿದ್ದಂತೆ ಕೈ ಇಡಲಾಗದಷ್ಟು ಬಿಸಿಯಾಯಿತು. ಹಾಡೇ ಇಲ್ಲದೆ ಇಷ್ಟು ಬಿಸಿಯೇ! ಎದ್ದುಬಿದ್ದು ಪ್ಲಗ್ ಕಿತ್ತೆ.

ಸೋಫಾ ಸರಿಸಿ ವೈರಿನ ಜಾಡು ಹಿಡಿದು ನೋಡಿದರೆ, ಬೆರಳು ಗಾತ್ರದ ಎರಡು ಜಡೆಗಳು ಸ್ಪೀಕರುಗಳವರೆಗೆ ಮಲಗಿದ್ದವು. ಕಂಪ್ಯೂಟರ್ ನೆಟ್‌ವರ್ಕಿನ ಸಣ್ಣ ವೈರುಗಳನ್ನು ಒಟ್ಟುಮಾಡಿ ಹೆಣೆದದ್ದು.

“ಡಾಕ್ಟ್ರೇ, ಇದು ಎಂತದು?”

ಅವರ ಮುಖ ಅರಳಿತು. “ಇಂಟರ್ನೆಟ್‌ನ್ಯಾಗ ಓದಿ ಮಾಡಿದ್ದುರೀ. ಹೆಣದಾಕಿ ಇಕಿ. ಇದನ್ನ ಹಾಕಿದ ಮ್ಯಾಲೆ ತಂಬೂರಿ ತಂತಿ ಒಂದೊಂದೂ ಬ್ಯಾರೆ ಬ್ಯಾರೆ ಕೇಳಸ್ತಾವ.”

“ಯಾವಾಗ ಹಾಕಿದ್ದು?”

ಉತ್ತರ ಬಾಯಿಗೆ ಬರುವ ಮೊದಲೇ ಅವರಿಗೆ ಹೊಳೆದಿರಬೇಕು. ಮೊದಲ ಸಲ ಸುಡುವುದಕ್ಕೆ ಸ್ವಲ್ಪ ಮುಂಚೆ.

ನಾನು ಅವರಿಗೆ ಬಿಡಿಸಿ ಹೇಳಿದೆ. ಇಷ್ಟು ವೈರುಗಳನ್ನು ಒತ್ತೊತ್ತಾಗಿ ಹೆಣೆದರೆ ಕೇಬಲ್ಲೇ ಒಂದು ಕೆಪಾಸಿಟರ್ ಆಗಿ ವಿದ್ಯುತ್ತನ್ನು ಹಿಡಿದಿಟ್ಟುಕೊಳ್ಳುತ್ತದೆ. ಕೆಲವು ಆಂಪ್ಲಿಫೈಯರುಗಳು ಅದನ್ನು ತಾಳಲಾರದೆ, ಕಿವಿಗೆ ಕೇಳದ ಕಂಪನದಲ್ಲಿ ತಮ್ಮಷ್ಟಕ್ಕೆ ಕೂಗತೊಡಗುತ್ತವೆ. ಇದಕ್ಕೆ ಆಸಿಲೇಷನ್ ಎನ್ನುತ್ತಾರೆ. ಆ ಶಾಖಕ್ಕೇ ಟ್ರಾನ್ಸಿಸ್ಟರುಗಳು ಸುಟ್ಟುಹೋಗುತ್ತವೆ.  ಅಂಗಡಿಯ ಬೆಂಚಿನಲ್ಲಿ ಬಳಸುವಂಥದೇ ಮಾಮೂಲಿ ವೈರನ್ನು ಚೀಲದಿಂದ ತೆಗೆದು ಹಾಕಿ ತೋರಿಸಿದೆ. ಮುಚ್ಚಳ ಬಿಸಿಯೇ ಆಗಲಿಲ್ಲ. ಡಾಕ್ಟರು ಜಡೆಯನ್ನು ಎತ್ತಿಕೊಂಡು ಕೈಯಲ್ಲಿ ತಿರುಗಿಸತೊಡಗಿದರು.

ಅಷ್ಟರಲ್ಲಿ ಅವರ ಫೋನ್ ಹೊಡೆದುಕೊಂಡಿತು. ನಮ್ಮ ಮ್ಯಾನೇಜರ್!  ಕಾರಣ ಸಿಕ್ಕಿತ್ತು, ನಿಜ. ಆದರೆ ಮಾಲೀಕರ ಡಾಕ್ಟರು “ಈತ ನನ್ನ ಮೇಲೇ ತಪ್ಪು ಹೊರಿಸ್ತಾನೆ” ಎಂದು ಒಂದು ಮಾತು ಅಂದರೆ ನನ್ನ ಕಾರಣವನ್ನು ಯಾರು ಕೇಳುತ್ತಾರೆ? ಸುಮಿತ್ರಾಬಾಯಿ ಗಂಡನ ಮುಖವನ್ನೇ ನೋಡುತ್ತಿದ್ದರು. ಡಾಕ್ಟರು ಒಮ್ಮೆ ಜಡೆಯನ್ನು, ಒಮ್ಮೆ ನನ್ನನ್ನು ನೋಡಿ, ಇಂಗ್ಲಿಷಿನಲ್ಲಿ ಹೇಳಿದರು: “ಎರಡೂ ಸಲ ಸುಟ್ಟದ್ದು ನನ್ನ ಕೇಬಲ್ಲಿನಿಂದ. ನಿಮ್ಮವರ ರಿಪೇರಿ ಸರಿಯಾಗಿತ್ತು.”

ನನ್ನ ಕಣ್ಣಲ್ಲಿ ನೀರು ಬಂತು. ಅದನ್ನು ಮರೆಮಾಚಲು ಸೋಲ್ಡರಿಂಗ್ ಐರನ್ ಹುಡುಕುವವನಂತೆ ಚೀಲದೊಳಗೆ ತಲೆ ಹಾಕಿದೆ.

ಫೋನಿಟ್ಟು ಡಾಕ್ಟರು ಜೋರಾಗಿ ನಕ್ಕರು. “ದಿನಾ ಪೇಷಂಟಿಗೆ ಕೇಳ್ತೀನ್ರೀ, ಏನರೆ ಔಷಧ ತಗೋತೀರೇನು ಅಂತ. ಏನೂ ಇಲ್ಲ ಅಂತಾರ. ಮನ್ಯಾಗ ಮೂರೂ ಹೊತ್ತು ಕಷಾಯ ಕುಡೀತಿರ್ತಾರ! ಅದು ಅವ್ರಿಗೆ ಔಷಧ ಅಲ್ಲ, ಮೈಗೆ ಛಲೋ ಆಗೂದು. ನೀವು ತೊಂದ್ರಿ ಏನು ಅಂತ ಕೇಳಿದ್ರಿ. ಇದು ನಮಗ ತೊಂದ್ರಿ ಅಲ್ಲಲ್ಲರೀ.”

“ಹಂಗಾರ ಇದನ್ನ ಬಿಚ್ಚಬೇಕೇನ್ರೀ?” ಎಂದರು ಸುಮಿತ್ರಾಬಾಯಿ. ಹೆಣೆದು ಹೆಣೆದು ಅವರ ಬೆರಳ ತುದಿ ಒರಟಾಗಿತ್ತಂತೆ.

ಬಿಚ್ಚಿಸಲು ನನಗೆ ಮನಸ್ಸಾಗಲಿಲ್ಲ. ಪ್ರತಿ ಜಡೆಯ ಸ್ಪೀಕರಿನ ತುದಿಗೆ ಒಂದು ರೆಸಿಸ್ಟರ್, ಒಂದು ಸಣ್ಣ ಕೆಪಾಸಿಟರ್ ಸೇರಿಸಿ ಬೆಸೆದೆ. ಇದಕ್ಕೆ ಜೋಬೆಲ್ ಎನ್ನುತ್ತಾರೆ. ಆ ಕೇಳದ ಕೂಗನ್ನು ಅಡಗಿಸುವ ಉಪಾಯ. ಮತ್ತೆ ಸ್ವಿಚ್ ಹಾಕಿ, ಈ ಸಲ ಮೂವರೂ ಮುಚ್ಚಳದ ಮೇಲೆ ಕೈಯಿಟ್ಟು ಕಾದೆವು. ತಣ್ಣಗೇ ಇತ್ತು. ಡಾಕ್ಟರು ಹಾಡು ಹಾಕಿದರು. ತಂಬೂರಿಯ ತಂತಿಗಳು ಬೇರೆ ಬೇರೆಯಾಗಿ ಕೇಳಿಸಿದವೋ ಇಲ್ಲವೋ, ನನಗಂತೂ ಗೊತ್ತಾಗಲಿಲ್ಲ; ನನ್ನ ತಟ್ಟೆಯ ಅವಲಕ್ಕಿ ಖಾಲಿಯಾಗುತ್ತಿತ್ತು.

ನಿವೃತ್ತಿಯಾಗುವವರೆಗೂ ನಾನು ಯಾವ ಗಿರಾಕಿಗೂ “ಏನು ಕೆಟ್ಟಿದೆ?” ಎಂದು ಮೊದಲು ಕೇಳಲಿಲ್ಲ. “ಇತ್ತೀಚೆಗೆ ಒಳ್ಳೆಯದಾಗಲೆಂದು ಏನಾದರೂ ಹೊಸದು ಮಾಡಿದಿರಾ?” ಎಂದು ಕೇಳುತ್ತಿದ್ದೆ. ಆ ಪ್ರಶ್ನೆಗೆ ಜನ ಕುರ್ಚಿ ಎಳೆದುಕೊಂಡು ಕೂತು ಉತ್ತರ ಕೊಡುತ್ತಾರೆ.