ಏಳು ತಿಂಗಳ ಸಂಸಾರ

ಗಂಡ ತೀರಿಹೋದ ಮೇಲೆ ನಾನು ಬಹ್ರೇನಿನ ಅದ್ಲಿಯಾದಲ್ಲಿದ್ದ ಫ್ಲ್ಯಾಟ್ ಬಿಟ್ಟು ಗುದೈಬಿಯಾದ ಹಳೆಯ ಕಟ್ಟಡವೊಂದಕ್ಕೆ ಬಂದೆ. ಮನೆ ಬದಲಾದರೆ ಪ್ರಶ್ನೆಗಳೂ ಅಲ್ಲೇ ಉಳಿಯುತ್ತವೆ ಎಂದುಕೊಂಡಿದ್ದೆ. ಮೊದಲ ಬೆಳಿಗ್ಗೆಯೇ ಚಹಕ್ಕೆ ನೀರಿಟ್ಟಾಗ ಬೆನ್ನ ಹಿಂದೆ, ವೀಸಾಕ್ಕೆಂದು ನನ್ನನ್ನು ಪ್ರಶ್ನಿಸಿದ್ದ ಆ ಹೆಂಗಸಿನ ದನಿ ಕೇಳಿಸಿತು: "ಮನೆಯಲ್ಲಿ ಬೆಳಗಿನ ಚಹ ಯಾರು ಮಾಡುತ್ತಾರೆ?" ತಿರುಗಿದರೆ ಫ್ರಿಜ್ಜು, ಅದರ ಮೇಲೆ ಕುಬ್ಬೂಸ್ ರೊಟ್ಟಿಯ ಪೊಟ್ಟಣ. "ಅವನೇ ಮಾಡುವುದು" ಎಂದು ಫ್ರಿಜ್ಜಿಗೆ ಗಟ್ಟಿಯಾಗಿ ಹೇಳಿದೆ. ಆಮೇಲೆ ವರ್ಷಗಟ್ಟಲೆ ಹೇಳುತ್ತಲೇ ಬಂದಿದ್ದೇನೆ.

ಆಗ, ತೊಂಬತ್ತರ ದಶಕದಲ್ಲಿ, ನಾನು ಮನಾಮದ ಒಂದು ಟ್ರಾವೆಲ್ ಏಜೆನ್ಸಿಯಲ್ಲಿ ಟಿಕೆಟ್ ಬರೆಯುತ್ತಿದ್ದೆ. ಆ ಕೆಲಸ ಮಾಡಿದವರಿಗೆ ಮೊದಲು ಪಾಸ್‌ಪೋರ್ಟ್ ಕಾಣುತ್ತದೆ, ಆಮೇಲೆ ಮುಖ. ಯಾರಿಗೆ ಯಾವ ದೇಶಕ್ಕೆ ವೀಸಾ ಬೇಕು ಎಂಬುದೆಲ್ಲ ನನಗೆ ಬಾಯಿಪಾಠ. ನನ್ನ ಗಂಡನಾದವನು ಹಡಗು ರಿಪೇರಿಯ ಇಂಜಿನಿಯರ್, ಯುರೋಪಿನ ಒಂದು ಸಣ್ಣ ದೇಶದವನು. ದೇಶದ ಹೆಸರು ಬೇಡ. ಆ ದೇಶದ ಮೇಲೆ ನನಗೆ ಸಿಟ್ಟಿಲ್ಲ, ಇರುವ ಸಿಟ್ಟೆಲ್ಲ ನನ್ನ ಮೇಲೆಯೇ.

ನಾವು ಮನಾಮದಲ್ಲೇ ರಿಜಿಸ್ಟರ್ ಮದುವೆಯಾಗಿ ಅದ್ಲಿಯಾದ ಫ್ಲ್ಯಾಟಿನಲ್ಲಿ ಸಂಸಾರ ಹೂಡಿದೆವು. ರಿಜಿಸ್ಟರ್ ಆದದ್ದನ್ನು ಊರಿಗೆ ತಿಳಿಸಿದ್ದೆ, ಆದರೆ ನಾನು ಇನ್ನೂ ಹುಡುಗಿಯರ ಜೊತೆ ರೂಮಿನಲ್ಲಿದ್ದೇನೆ ಎಂದು ಬರೆಯುತ್ತಿದ್ದೆ. ಕಾರಣ ಸರಳ. ಮಗಳ ಕೈಯನ್ನು ಅಳಿಯನ ಕೈಯಲ್ಲಿಟ್ಟು ಹಿರಿಯರು ನೀರೆರೆಯುವ ದಾರೆ ಆಗದೆ ನಮ್ಮ ಕಡೆ ಮದುವೆ ಮದುವೆಯಲ್ಲ. ಸರಕಾರದ ಸೀಲು ಅವರಿಗೆ ರೇಶನ್ ಕಾರ್ಡಿನ ಲೆಕ್ಕ. ಅಪ್ಪ ಇರಲಿಲ್ಲ. ಪರದೇಶದ ಅಳಿಯನಿಗೆ ಸೋದರಮಾವ ಒಪ್ಪಲು ಏಳು ತಿಂಗಳು ಹಿಡಿಯಿತು. ಕೊನೆಗೆ ಉಡುಪಿಯ ಹತ್ತಿರದ ನಮ್ಮ ಮನೆಯಂಗಳದಲ್ಲಿ ದಾರೆಯಾಯಿತು. ಅವನು ಪಂಚೆಗೆ ಬೆಲ್ಟ್ ಕಟ್ಟಿಕೊಂಡು ಕೂತಿದ್ದ. ಎಲ್ಲರೂ ನಕ್ಕರು, ಅವನೂ ನಕ್ಕ.

ಬಹ್ರೇನಿಗೆ ಮರಳಿ ಮೂರು ವಾರವಾಗಿತ್ತು. ಅವನ ಹೊಟ್ಟೆನೋವು ಕ್ಯಾನ್ಸರ್ ಎಂದು ಗೊತ್ತಾಯಿತು. ಆಪರೇಶನ್‌ಗೆ ಅವನು ತನ್ನ ದೇಶಕ್ಕೆ ಹೋದ. ನಾನು ಹಿಂದಿನಿಂದ ಹೊರಡುವುದೆಂದು ತೀರ್ಮಾನ. ನನ್ನ ಟಿಕೆಟನ್ನು ನಾನೇ ಬರೆದೆ, ತಾರೀಕಿನ ಜಾಗ ಖಾಲಿ ಬಿಟ್ಟು.

ಅವರ ದೇಶದ ಕಾನ್ಸುಲೇಟ್ ಎಂದರೆ ಒಂದು ಕಂಪನಿಯ ಮಾಳಿಗೆಯಲ್ಲಿ ಎರಡು ಕೋಣೆ. ವೀಸಾದ ಅಧಿಕಾರಿ ತಿಂಗಳಿಗೊಮ್ಮೆ ಹೊರಗಿನಿಂದ ಬರುತ್ತಿದ್ದಳು. ಅವಳ ಪಕ್ಕದ ಮೇಜಿನಲ್ಲಿ ಟೈಪ್ ಮಾಡುತ್ತಿದ್ದ ಗುಮಾಸ್ತರನ್ನು ನೋಡಿ ಬಾಗಿಲಲ್ಲೇ ನಿಂತೆ. ನಮ್ಮೂರಿನವರು, ಅವರ ತಾಯಿ ನಮ್ಮ ಅಮ್ಮನ ಪರಿಚಯ. "ಓ, ನೀವಾ ಮಾರಾಯ್ರೆ! ಅಮ್ಮ ಸೌಖ್ಯವಾ?" ಎಂದರು. ಅಷ್ಟೇ ಅಂದದ್ದು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ಸೆರಗು ಎಳೆದುಕೊಂಡು ಕೂತೆ.

"ಯಾವಾಗಿನಿಂದ ಒಟ್ಟಿಗೆ ವಾಸ?" ಎಂದು ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದಳು.

ಗುಮಾಸ್ತರ ಬೆರಳುಗಳು ನನ್ನ ಉತ್ತರಕ್ಕೆ ಕಾಯುತ್ತಿದ್ದವು. ನಾನು ದಾರೆಯ ತಾರೀಕು ಹೇಳಿದೆ.

"ಆದರೆ ರಿಜಿಸ್ಟರ್ ಆದದ್ದು ಏಳು ತಿಂಗಳು ಮೊದಲು. ಆಗ ಎಲ್ಲಿದ್ದಿರಿ?"

"ಹುಡುಗಿಯರ ರೂಮಿನಲ್ಲಿ."

"ಆ ಏಳು ತಿಂಗಳು ಅವರ ಮನೆಯಲ್ಲಿ ಬೆಳಗಿನ ಚಹ ಯಾರು ಮಾಡುತ್ತಿದ್ದರು?"

"ನನಗೆ ಹೇಗೆ ಗೊತ್ತು?" ಎಂದೆ. ಸ್ವಲ್ಪ ಜೋರಾಗಿಯೇ ಅಂದೆ, ಪಕ್ಕದ ಮೇಜಿಗೆ ಕೇಳಲಿ ಎಂದು. ಏಳು ತಿಂಗಳ ಸಂಸಾರವನ್ನು ನನ್ನ ಬಾಯಿಂದಲೇ ಮೂರು ವಾರಕ್ಕೆ ಇಳಿಸಿ, ಮಾನ ಉಳಿಯಿತೆಂಬ ಸಮಾಧಾನದಲ್ಲಿ ಮೆಟ್ಟಿಲಿಳಿದೆ.

ಅತ್ತ ಅವನ ಆಸ್ಪತ್ರೆಗೆ ಇನ್ನೊಬ್ಬ ಅಧಿಕಾರಿ ಹೋಗಿ ಅವೇ ಪ್ರಶ್ನೆ ಕೇಳಿದ್ದ. ಅದು ತಿರಸ್ಕಾರದ ಪತ್ರ ಬಂದಾಗ ತಿಳಿಯಿತು. ಎಡಗಡೆ ನನ್ನ ಉತ್ತರ, ಬಲಗಡೆ ಅವನದು. ಅವನು ಹೇಳಿದ್ದು: ರಿಜಿಸ್ಟರ್ ಆದ ದಿನದಿಂದ ಒಟ್ಟಿಗೇ ಇದ್ದೇವೆ. ಚಹ ನಾನು ಮಾಡುತ್ತೇನೆ. ಅವಳಿಗೆ ಸಕ್ಕರೆ ಬೇಡ. ಕೆಳಗೆ, ಇದು ಬರೀ ವೀಸಾ ಕಾಗದಕ್ಕಾಗಿ ಮಾಡಿಕೊಂಡ ಮದುವೆ ಎಂಬ ಸಂಶಯವಿದೆ ಎಂದು ಬರೆದಿತ್ತು.

ಪತ್ರ ಕೊಡುವಾಗ ಗುಮಾಸ್ತರ ಮುಖ ಬಾಡಿತ್ತು. "ನೋಡಿ, ಅವರು ಅಲ್ಲೇ ಯುರೋಪಲ್ಲಿ ಪಕ್ಕದ ದೇಶಕ್ಕೆ ಕೆಲಸಕ್ಕೆ ಹೋಗಿ ಕೂತಿದ್ರೆ ಯುರೋಪಿನ ಕಾನೂನಲ್ಲಿ ಹೆಂಡತಿಗೆ ಒಟ್ಟಿಗೆ ಇರ್ಲಿಕ್ಕೆ ಹಕ್ಕು ಉಂಟು, ಇಷ್ಟೆಲ್ಲ ಕೇಳುದಿಲ್ಲ. ಸ್ವಂತ ದೇಶಕ್ಕೆ ಹೋದ್ರೆ ಆ ದೇಶದ್ದೇ ಕಾನೂನು. ಪುನಃ ಅರ್ಜಿ ಹಾಕಿ. ಇದ್ದದ್ದು ಇದ್ದ ಹಾಗೆ ಬರೀರಿ. ನಾನು ಯಾರಿಗೂ ಹೇಳುವವನಲ್ಲ."

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈ ಸಲ ಎಲ್ಲವನ್ನೂ ಬರೆದೆ: ಕಿಟಕಿಯ ಎ.ಸಿ. ಸದ್ದು ನನಗಾಗದೆಂದು ಆ ಪಕ್ಕದಲ್ಲಿ ಅವನು ಮಲಗುತ್ತಿದ್ದದ್ದು, ಶುಕ್ರವಾರ ಮೀನು ನಾನು ತೊಳೆದು ಅವನು ಕಾಯಿಸುತ್ತಿದ್ದದ್ದು. ಫೋನಿನಲ್ಲಿ ಅವನು ಒಮ್ಮೆಯೂ ಬೈಯಲಿಲ್ಲ. "ನಾನೇನು ತಪ್ಪು ಹೇಳಿದೆ?" ಎಂದು ಮಾತ್ರ ಕೇಳಿದ. ತಪ್ಪು ತನ್ನದೆಂದು ಅವನು ತಿಳಿದಿದ್ದ. ನಾನು ಬಿಡಿಸಿ ಹೇಳುವಷ್ಟರಲ್ಲಿ ಲೈನು ಹೋಯಿತು, ಮರುದಿನ ಮಾತಾಡುವ ಶಕ್ತಿ ಅವನಿಗಿರಲಿಲ್ಲ. ವೀಸಾ ಮಂಜೂರಾದ ಕಾಗದ ಬಂದದ್ದು ಅವನು ತೀರಿಹೋದ ನಾಲ್ಕನೇ ದಿನ. ಟಿಕೆಟಿನಲ್ಲಿ ತಾರೀಕಿನ ಜಾಗ ಈಗಲೂ ಖಾಲಿ ಇದೆ.

ಒಂದು ವರ್ಷದ ಮೇಲೆ ಊರಿಗೆ ಹೋದೆ. ಅಮ್ಮ ಚಹ ತಂದಿಟ್ಟಳು. ಕುಡಿದರೆ ಸಕ್ಕರೆ ಇಲ್ಲ. ಊರಲ್ಲಿದ್ದಾಗ ಎರಡು ಚಮಚ ಹಾಕಿಸಿಕೊಳ್ಳುತ್ತಿದ್ದವಳು ನಾನು. ಬಿಟ್ಟದ್ದು ಅದ್ಲಿಯಾದ ಮನೆಯಲ್ಲಿ.

"ನಿಂಗೆ ಯಾರು ಹೇಳಿದ್ದು?"

"ಅಳಿಯನೇ. ದಾರೆ ದಿನ ಬೆಳಿಗ್ಗೆ ನಿನ್ನ ಲೋಟಕ್ಕೆ ಸಕ್ಕರೆ ಹಾಕ್ಲಿಕ್ಕೆ ಹೋದ್ರೆ ಅಡ್ಡ ಕೈ ಹಿಡಿದ. ಹೆತ್ತವಳಿಗೆ ಗೊತ್ತಿಲ್ಲದ್ದು ಅವನಿಗೆ ಗೊತ್ತುಂಟು ಅಂದ್ರೆ ಒಂದೇ ಮನೇಲಿ ಇದ್ರಿ ಅಂತ ಆಯ್ತಲ್ಲ. ಮಾವನಿಗೂ ಹೇಳಿದೆ. ರಿಜಿಸ್ಟರ್ ಆಗಿದೆಯಲ್ಲ, ಇರ್ಲಿ ಬಿಡು ಅಂದ."

ಆಗ ನಾನು ಕಾನ್ಸುಲೇಟಿನಲ್ಲಿ ಹೇಳಿದ್ದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ನನ್ನ ಹತ್ತಿರ ಬಂದು ಕೂತಳು.

"ಯಾರಿಗೆ ಹೆದರಿದ್ದು ಮಗಾ?"

"ನಿನಗೇ, ಅಮ್ಮ" ಎಂದು ಹೇಳಲು ನನ್ನಿಂದಾಗಲಿಲ್ಲ. ಗುದೈಬಿಯಾಕ್ಕೆ ಮರಳಿದ ಮೇಲೆ ಬೆನ್ನ ಹಿಂದೆ ಅಧಿಕಾರಿಯ ದನಿಯ ಜೊತೆ ಅಮ್ಮನ ದನಿಯೂ ಬರತೊಡಗಿತು. ಅಧಿಕಾರಿ ಕೇಳಿದ್ದಕ್ಕೆಲ್ಲ ಫ್ರಿಜ್ಜಿನ ಕಡೆ ತಿರುಗಿ ಉತ್ತರ ಕೊಡುತ್ತೇನೆ. ಅಮ್ಮ ಕೇಳಿದಾಗ ಒಲೆ ಆರಿಸಿ ಹೊರಗೆ ಹೋಗಿಬಿಡುತ್ತೇನೆ.